ಸಹಿ ಕೇಳದೆ ಬಂದ ಪಾಲು

ಅಪ್ಪನ ಶುಗರ್ ನಮ್ಮ ನಾಲ್ವರಿಗೂ ಬಂದಿದೆ. ಅಕ್ಕನಿಗೆ ನಲವತ್ತಕ್ಕೇ ಬಂತು. ಅಣ್ಣನಿಗೂ ನನಗೂ ಸ್ವಲ್ಪ ತಡವಾಗಿ. ತಮ್ಮನಿಗೆ 'ಬಾರ್ಡರ್‌ನಲ್ಲಿದೆ, ಹುಷಾರಾಗಿರಿ' ಅಂತ ಡಾಕ್ಟರ್ ಹೇಳಿದ್ದಾರೆ. ಈ ಪಾಲು ಹಂಚುವಾಗ ಯಾರೂ ವಂಶವೃಕ್ಷ ತೆಗೆಸಲಿಲ್ಲ, ನಾಡಕಚೇರಿಗೆ ಅಲೆಯಲಿಲ್ಲ, 'ನೀವು ಕೊಟ್ಟ ಹೆಣ್ಮಕ್ಕಳು, ನಿಮಗ್ಯಾಕೆ ಇದು' ಅಂತ ಕೇಳಲಿಲ್ಲ. ಸುಮ್ನೆ ಬಂತು. ಸಹಿ ಗಿಹಿ ಏನೂ ಬೇಕಾಗಲಿಲ್ಲ.

ಮೈ ಇಷ್ಟು ನೇರ ಲೆಕ್ಕದ್ದು. ಮಗುವಿಗೆ 46 ಕ್ರೋಮೋಸೋಮ್, ಅದರಲ್ಲಿ 23 ಅಪ್ಪನದು, 23 ಅವ್ವನದು. ಮಗನಾದರೂ ಅಷ್ಟೇ, ಮಗಳಾದರೂ ಅಷ್ಟೇ. ಇನ್ನೂ ಸೂಕ್ಷ್ಮವಾಗಿ ನೋಡಿದರೆ ಅಪ್ಪ ಮಗಳಿಗೆ ಕೊಡೋದು ಎಕ್ಸ್, ಮಗನಿಗೆ ಕೊಡೋದು ವೈ. ಎಕ್ಸ್ ದೊಡ್ಡದು, ಅದರಲ್ಲಿ ಜೀನ್‌ಗಳೂ ಜಾಸ್ತಿ. ಅಂದರೆ ಅಪ್ಪನ ಕಡೆಯಿಂದ ಮಗಳಿಗೇ ಒಂದೆರಡು ಗುಂಟೆ ಹೆಚ್ಚಿಗೆ ಬಂದ ಹಾಗೆ! ಇದನ್ನು ಅಣ್ಣನಿಗೆ ಹೇಳಿದಾಗ ನಕ್ಕ. ಹೊಲದ ವಿಷಯಕ್ಕೆ ಬಂದಾಗ ನಗಲಿಲ್ಲ.

ಶುಗರ್ ಬರೀ ಜೀನ್‌ನಿಂದ ಬರುವುದಿಲ್ಲ, ಅದೂ ಖರೆ. ಅಪ್ಪ ದಿನಕ್ಕೆ ಎಷ್ಟು ಚಹಾ ಕುಡಿಯುತ್ತಿದ್ದರು, ಅದರಲ್ಲಿ ಎಷ್ಟು ಸಕ್ಕರೆ ಇರುತ್ತಿತ್ತು, ಊಟವಾದ ತಕ್ಷಣ ಹ್ಯಾಗೆ ಅಡ್ಡಾಗುತ್ತಿದ್ದರು, ಇವೆಲ್ಲವನ್ನೂ ನಾವು ನೋಡಿ ನೋಡಿ ಕಲಿತಿದ್ದೇವೆ. ಸಿಟ್ಟೂ ಹಾಗೇ. ಅಪ್ಪನ ಸಿಟ್ಟು ತಮ್ಮನಿಗೆ ರಕ್ತದಲ್ಲಿ ಬಂತೋ, ಹತ್ತು ಹದಿನೈದು ವರ್ಷ ಅದೇ ಪಡಸಾಲೆಯಲ್ಲಿ ಕೂತು ನೋಡಿದ್ದರಿಂದ ಬಂತೋ, ಯಾರು ಹೇಳಬೇಕು? ಅವನ ಹೆಂಡತಿಗಂತೂ ಎರಡೂ ಒಂದೇ.

ಈಗ ಹೊಲಕ್ಕೆ ಬರೋಣ. ಸೇಡಂ ತಾಲ್ಲೂಕಿನ ನಮ್ಮೂರಲ್ಲಿ ಹತ್ತು ಎಕರೆ ಎರಿ ಹೊಲ ಇದೆ. ಮುಂಗಾರಿಗೆ ತೊಗರಿ, ನಡುವೆ ಸ್ವಲ್ಪ ಹೆಸರು, ಹಿಂಗಾರಿಗೆ ಜೋಳ, ಕಡಲೆ. ಒಂದು ಬಾವಿ, ಅದರ ಸುತ್ತ ಎರಡು ಮೂರು ಬೇವಿನ ಗಿಡ. ಅಪ್ಪ ತೀರಿಕೊಂಡ ಮೇಲೆ ಎಲ್ಲರ ಮನೆಯಲ್ಲಿ ಬರೋ ಮಾತು ನಮ್ಮ ಮನೆಯಲ್ಲೂ ಬಂತು: ಪೌತಿ ಮಾಡಿಸಬೇಕು, ಅಂದರೆ ಹೊಲದ ಕಾಗದದಲ್ಲಿ ಅಪ್ಪನ ಹೆಸರು ತೆಗೆಸಿ ವಾರಸುದಾರರ ಹೆಸರು ಹಾಕಿಸಬೇಕು. ಇದು ಬೇಕಾದ ಕೆಲಸವೇ. ಪಹಣಿಯಲ್ಲಿ ಸತ್ತವರ ಹೆಸರೇ ಇದ್ದರೆ ಬೆಳೆ ಸಾಲಕ್ಕೆ ತೊಂದರೆ, ಬೆಳೆ ಹಾಳಾದಾಗ ಪರಿಹಾರಕ್ಕೆ ತೊಂದರೆ, ಪಿಎಂ ಕಿಸಾನ್‌ನ ವರ್ಷದ 6000 ರೂಪಾಯಿಗೂ ತೊಂದರೆ. ನಮ್ಮ ಕಡೆ ಎಷ್ಟೋ ಊರಲ್ಲಿ ಕಾಗದದ ಪ್ರಕಾರ ಈಗಲೂ ಮುತ್ತಜ್ಜಂದಿರೇ ಹೊಲ ಉಳುತ್ತಿದ್ದಾರೆ. ಅದಕ್ಕೇ ಸರ್ಕಾರ ಇ-ಪೌತಿ ಅಂತ ಆಂದೋಲನವನ್ನೇ ಶುರು ಮಾಡಿದೆ.

ಅಣ್ಣ ಕಲಬುರಗಿಗೆ ಬಂದ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು, ಇನ್ನೊಂದು ಕೈಯಲ್ಲಿ ವೈನಿ, ಅಂದರೆ ಅವನ ಹೆಂಡತಿ, ಕೊಟ್ಟು ಕಳಿಸಿದ ಶೇಂಗಾ ಹೋಳಿಗೆ ಡಬ್ಬಿ. ಚಹಾ ಕುಡಿದು ಆದ ಮೇಲೆ ಹೇಳಿದ: 'ನಿಂದೂ ಅಕ್ಕಂದೂ ಒಂದು ಸಹಿ ಬೇಕಾಗ್ತದ ನೋಡು. ಹಕ್ಕು ಬಿಡುಗಡೆ ಪತ್ರ. ಒಂದಿನ ಬಂದ್ರ ಸಾಕು, ಅಲ್ಲೇ ಫೋಟೋ ತೆಗೀತಾರ, ಹೆಬ್ಬಟ್ಟು ಒತ್ತಿಸ್ಕೋತಾರ, ಮುಗೀತು.'

ಅವನ ದನಿಯಲ್ಲಿ ಕಪಟ ಇರಲಿಲ್ಲ. ಅದನ್ನು ಹೇಳಲೇಬೇಕು. ನಮ್ಮ ಕಡೆ ಹೀಗೇ ನಡೆದುಕೊಂಡು ಬಂದಿದೆ. ಹೆಣ್ಮಕ್ಕಳು ಬರುತ್ತಾರೆ, ಉಪನೋಂದಣಿ ಕಚೇರಿಯ ಕಟ್ಟೆ ಮೇಲೆ ಕೂತು ಕಾಯುತ್ತಾರೆ, ಸಹಿ ಮಾಡುತ್ತಾರೆ. ಮನೆಗೆ ಹೋದ ಮೇಲೆ ಉಡಿ ತುಂಬಿ, ಒಂದು ಇಳಕಲ್ ಸೀರೆ ಕೊಟ್ಟು, ಬಸ್ ಹತ್ತಿಸುತ್ತಾರೆ. ಮುಂದಿನ ಪಂಚಮಿಗೆ ಕರೆಯಲು ಬರುತ್ತಾರೆ. ಪಾಲು ಕೇಳಿದವಳನ್ನು ಕರೆಯಲು ಯಾರೂ ಬರುವುದಿಲ್ಲ. ಎರಡೆಕರೆ ಹೊಲ ಬೇಕೋ ತವರು ಬೇಕೋ ಅಂತ ಬಾಯಿಬಿಟ್ಟು ಯಾರೂ ಕೇಳಲ್ಲ, ಆದರೆ ಆ ಕಟ್ಟೆ ಮೇಲೆ ಕೂತ ಪ್ರತಿ ಹೆಂಗಸಿಗೂ ಕೇಳುತ್ತಿರುವುದು ಅದೇ ಪ್ರಶ್ನೆ.

ಕಾನೂನು ಏನು ಹೇಳುತ್ತದೆ ಅನ್ನೋದು ನಮ್ಮ ಮನೆಯಲ್ಲೇ ಒಂದು ವಿಚಿತ್ರ ಕಥೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಪಿತ್ರಾರ್ಜಿತ ಆಸ್ತಿಗೆ ಹುಟ್ಟಿನಿಂದಲೇ ಹಕ್ಕುದಾರ ಆಗುತ್ತಿದ್ದದ್ದು ಮಗ ಮಾತ್ರ. 1994ರಲ್ಲಿ ಕರ್ನಾಟಕ ಸರ್ಕಾರ ತಿದ್ದುಪಡಿ ಮಾಡಿ ಮಗಳಿಗೂ ಆ ಹಕ್ಕು ಕೊಟ್ಟಿತು, ಕೇಂದ್ರಕ್ಕಿಂತ ಎಷ್ಟೋ ಮೊದಲು. ಆದರೆ ಆ ತಿದ್ದುಪಡಿ ಬರುವುದಕ್ಕಿಂತ ಮುಂಚೆ ಮದುವೆಯಾದವರಿಗೆ ಇಲ್ಲ ಅಂತ ಒಂದು ಗೆರೆ ಎಳೆಯಿತು. ನಮ್ಮ ಅಕ್ಕನ ಮದುವೆ ಅದಕ್ಕಿಂತ ಮೊದಲೇ ಆಗಿತ್ತು. ನನ್ನದು ಆಮೇಲೆ. ಒಂದೇ ಅವ್ವನ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದ ಇಬ್ಬರಲ್ಲಿ ಒಬ್ಬಳು ಹಕ್ಕುದಾರಳು, ಇನ್ನೊಬ್ಬಳು ಅಲ್ಲ! ಅಕ್ಕನಿಗಾಗಲಿ ನನಗಾಗಲಿ ಆಗ ಇದು ಗೊತ್ತೂ ಇರಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಈ ಗೆರೆ ಅಳಿಸಿತು. ಆಮೇಲೂ ಆ ದಿನ ಅಪ್ಪ ಬದುಕಿರಬೇಕಿತ್ತಾ ಇಲ್ಲವಾ ಅಂತ ಕೋರ್ಟುಗಳಲ್ಲಿ ಎಳೆದಾಟ ನಡೆಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಮಗಳ ಹಕ್ಕು ಹುಟ್ಟಿನಿಂದ ಬರುವಂಥದ್ದು, ಆ ದಿನ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ. ಮೈ ಯಾವಾಗಲೋ ಒಪ್ಪಿಕೊಂಡಿದ್ದನ್ನು ಕಾನೂನು ಒಪ್ಪಿಕೊಳ್ಳಲು ಇಷ್ಟು ಹೊತ್ತು ಹಿಡಿಯಿತು.

2005ರ ಅದೇ ತಿದ್ದುಪಡಿಯಲ್ಲಿ ಇನ್ನೊಂದು ಮಾತಿದೆ. ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಹಳೆಯ ಹಿಂದೂ ಕಾನೂನಿನಲ್ಲಿ ಅಪ್ಪನ ಸಾಲ, ಅಜ್ಜನ ಸಾಲ, ಮುತ್ತಜ್ಜನ ಸಾಲ ತೀರಿಸುವುದು ಗಂಡುಮಕ್ಕಳ ಧರ್ಮ, ಸಾಲ ಕೊಟ್ಟವನು ಅದೇ ಆಧಾರದ ಮೇಲೆ ಕೋರ್ಟಿಗೆ ಹೋಗಬಹುದಿತ್ತು. ತಿದ್ದುಪಡಿಯಾದ ಮೇಲಿನ ಸಾಲಗಳಿಗೆ ಬರೀ ಆ ಧರ್ಮದ ಹೆಸರಲ್ಲಿ ಮಗನ ಮೇಲೆ ದಾವೆ ಹಾಕುವಂತಿಲ್ಲ. ಅಂದರೆ ಮಗಳಿಗೆ ಪಾಲು ಬಂದ ದಿನವೇ ಮಗನ ಹೆಗಲ ಮೇಲಿನ ಒಂದು ಭಾರವೂ ಇಳಿಯಿತು. 'ಸಾಲ ನಾವು ತೀರಿಸಬೇಕು, ಪಾಲು ಅವರಿಗೆ ಬೇಕು' ಅಂತ ಹೇಳೋರಿಗೆ ಇದನ್ನು ತೋರಿಸಬೇಕು ಅನಿಸುತ್ತದೆ.

ನನ್ನ ಕೆಲಸದ ಜಾಗದಲ್ಲಿ ಒಬ್ಬ ಮುಸ್ಲಿಂ ಗೆಳತಿ ಇದ್ದಾಳೆ. ಅವರಲ್ಲಿ ಮಗಳಿಗೆ ಮಗನ ಅರ್ಧ ಪಾಲು, ಮೊದಲಿನಿಂದಲೂ ಬರೆದಿಟ್ಟಿದೆ. 'ಬರೆದಿಟ್ಟದ್ದು ಅದ, ತಗೊಂಡವರು ಎಷ್ಟು ಮಂದಿ ಅಂತ ಕೇಳು' ಅಂದಳು. ಅವಳ ಅತ್ತೆಯಂದಿರೆಲ್ಲ ತಮ್ಮಂದಿರಿಗೆ 'ಮಾಫ್' ಮಾಡಿದ್ದಾರಂತೆ. ಬೇರೆ ಬೇರೆ ಕಾನೂನು, ಒಂದೇ ಕಟ್ಟೆ.

ಹಾಗಂತ ಅಣ್ಣನ ವಾದ ಪೊಳ್ಳು ಅನ್ನಲಾರೆ. ಅಪ್ಪನಿಗೆ ಕೈಲಾಗದಾದ ಮೇಲೆ ಹೊಲ ಮಾಡಿದ್ದು ಅವನೇ. ಮಳೆ ಇಲ್ಲದ ವರ್ಷ ಸಾಲ ತಂದು ಬಿತ್ತಿದ್ದು ಅವನೇ. ತೊಗರಿಗೆ ರೇಟು ಬಿದ್ದಾಗ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಚೀಲದ ಮೇಲೆ ಮಲಗಿದ್ದೂ ಅವನೇ. 'ಉಳುವವನೇ ಹೊಲದೊಡೆಯ' ಅಂತ 1974ರಲ್ಲಿ ಇದೇ ರಾಜ್ಯ ಭೂಸುಧಾರಣೆ ಮಾಡಿತಲ್ಲವಾ, ಮನೆಯೊಳಗೆ ಉಳುವವನಿಗೆ ಯಾಕೆ ಆ ಮಾತು ಇಲ್ಲ ಅಂತ ಅವನು ಕೇಳಿದ್ದರೆ ನನ್ನ ಹತ್ತಿರ ಚೆಂದದ ಉತ್ತರ ಇರಲಿಲ್ಲ. ಅವನು ಕೇಳಿದ್ದು ಬೇರೆ: 'ಹೊಲ ಬ್ಯಾರೆ ಮನಿಗಿ ಹೋಗ್ತದಲ್ಲ?' ಇದಕ್ಕೆ ಉತ್ತರ ಇದೆ. ಅಪ್ಪನಿಂದ ಬಂದ ಆಸ್ತಿ ಇರುವ ಹೆಂಗಸು ವಿಲ್ ಬರೆಯದೆ, ಮಕ್ಕಳೂ ಮೊಮ್ಮಕ್ಕಳೂ ಇಲ್ಲದೆ ತೀರಿಕೊಂಡರೆ ಅದು ಗಂಡನ ಮನೆಗೆ ಹೋಗುವುದಿಲ್ಲ, ಅಪ್ಪನ ವಾರಸುದಾರರಿಗೇ ವಾಪಸ್ ಬರುತ್ತದೆ. ಮಕ್ಕಳಿದ್ದರೆ ಹೋಗುತ್ತದೆ, ನಿಜ. ಆದರೆ ನನ್ನ ಮಗ, ಮಗಳು ಅಪ್ಪನ ಮೊಮ್ಮಕ್ಕಳಲ್ವಾ? ಅವರಿಗೂ ಆ ಶುಗರ್ ಕಾದು ಕೂತಿದೆಯಲ್ಲ.

ಆಸ್ತಿಯ ಜೊತೆ ಇನ್ನೊಂದು ಬರುತ್ತದೆ. ಪಾತ್ರ ಅನ್ನಿ, ಜವಾಬ್ದಾರಿ ಅನ್ನಿ. ನಮ್ಮ ಕಡೆಯ ಅಡ್ಡಹೆಸರುಗಳನ್ನೇ ನೋಡಿ. ಮಾಲಿಪಾಟೀಲ, ಪೊಲೀಸ್ ಪಾಟೀಲ, ಕುಲಕರ್ಣಿ, ದೇಶಮುಖ, ತಳವಾರ. ನಿಜಾಮರ ಕಾಲದಲ್ಲಿ ಇವೆಲ್ಲ ನೌಕರಿ. ಅಪ್ಪನಿಂದ ಮಗನಿಗೆ ಹೋಗುತ್ತಿದ್ದ ನೌಕರಿ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ವಂಶಪಾರಂಪರ್ಯ ಹುದ್ದೆಗಳೇ ಹೋದವು. ಹೆಸರು ಉಳಿಯಿತು. ಹೆಸರಿನ ಜೊತೆ ಗತ್ತೂ ಉಳಿಯಿತು. ಆದರೆ ಎಲ್ಲರಿಗೂ ಗತ್ತು ಬರಲಿಲ್ಲ. ಪಾಟೀಲರ ಮೊಮ್ಮಗ ಊರಿಗೆ ಬಂದರೆ ಇಂದಿಗೂ ಯಾರೋ ಕುರ್ಚಿ ತಂದು ಹಾಕುತ್ತಾರೆ, ತಳವಾರರ ಮೊಮ್ಮಗ ಇಂಜಿನಿಯರ್ ಆಗಿ ಬಂದರೂ ಹೆಸರು ಹಿಡಿದು ಏಕವಚನದಲ್ಲಿ ಕರೆಯುತ್ತಾರೆ. ಇನ್ನು ಅವ್ವನಿಂದ ಮಗಳಿಗೆ ಇಳಿದು ಬಂದ ದೇವದಾಸಿ ಪದ್ಧತಿ. ಅದನ್ನು ನಿಲ್ಲಿಸಲು ರಾಜ್ಯ 1982ರಲ್ಲಿ ಕಾಯ್ದೆ ಮಾಡಬೇಕಾಯಿತು. ಹೆಣ್ಣಿಗೆ ಆಸ್ತಿ ಇಳಿಸಲು ನೂರು ತಕರಾರು, ಇದನ್ನು ಇಳಿಸಲು ಯಾರದೂ ತಕರಾರಿರಲಿಲ್ಲ. ಹುಟ್ಟಿದ ಕಾರಣಕ್ಕೆ ಇಂಥದ್ದೇ ಕೆಲಸ ಅನ್ನೋದು ತಪ್ಪು ಅಂತ ಪಕ್ಕದ ಬಸವಕಲ್ಯಾಣದಲ್ಲಿ 12ನೇ ಶತಮಾನದಲ್ಲೇ ಶರಣರು ಹೇಳಿ ಪೆಟ್ಟು ತಿಂದರು. ಅವರ ಹೆಸರಲ್ಲಿ ಮೆರವಣಿಗೆ ಮಾಡುವಾಗಲೂ ನಾವು ಮೊದಲು ಕೇಳೋದು 'ನೀವು ಯಾವ ಪೈಕಿ?' ಅಂತಲೇ.

ಕಲಬುರಗಿಯವರಾಗಿ ನಾವು ಹತ್ತಿರದಲ್ಲೇ ಎರಡು ದೊಡ್ಡ ಉತ್ತರಾಧಿಕಾರ ನೋಡಿದ್ದೇವೆ. 2024ರ ನವೆಂಬರ್‌ನಲ್ಲಿ ಖ್ವಾಜಾ ಬಂದೇ ನವಾಜ್ ದರ್ಗಾದ ಸಜ್ಜಾದಾ ನಶೀನ್ (ದರ್ಗಾದ ಮುಖ್ಯಸ್ಥ) ಖುಸ್ರೋ ಹುಸೇನಿ ಅವರು ತೀರಿಕೊಂಡರು, ಆ ಜಾಗಕ್ಕೆ ಮಗ ಬಂದರು. 2025ರ ಆಗಸ್ಟ್‌ನಲ್ಲಿ ಶರಣಬಸವೇಶ್ವರ ಸಂಸ್ಥಾನದ 8ನೇ ಪೀಠಾಧಿಪತಿ ಶರಣಬಸವಪ್ಪ ಅಪ್ಪ ಅವರು ಲಿಂಗೈಕ್ಯರಾದರು, 9ನೇ ಪೀಠಾಧಿಪತಿಯಾಗಿ ಇನ್ನೂ ಚಿಕ್ಕ ವಯಸ್ಸಿನ ಮಗ. ಆ ದಿನ ಊರಿಗೆ ಊರೇ ನಾವು 'ಅಪ್ಪನ ಗುಡಿ' ಅನ್ನೋ ಶರಣಬಸವೇಶ್ವರರ ಗುಡಿ ಕಡೆ ಹೊರಟಿತ್ತು. ಎರಡೂ ಕಡೆ ಅಪ್ಪನಿಂದ ಮಗನಿಗೇ ಅನ್ನೋದು ನನ್ನ ಕಣ್ಣಿಗೆ ಬೀಳದೆ ಇಲ್ಲ. ಆದರೆ ಅಲ್ಲಿ ಒಂದು ಮಾತು ನನಗೆ ಹಿಡಿಸಿತು. ಪೀಠಕ್ಕೆ ಬಂದವರ ಪಾಲಿಗೆ ದಾಸೋಹವೂ ಬರುತ್ತದೆ. ಗಾದಿಗೆ ಬಂದವರಿಗೆ ಉರುಸೂ ಬರುತ್ತದೆ, ಬಂದ ಜನರನ್ನು ನೋಡಿಕೊಳ್ಳೋದೂ ಬರುತ್ತದೆ. ಕುರ್ಚಿ ನನಗಿರಲಿ, ಅಡುಗೆ ಮನೆ ಬೇರೆಯವರು ನೋಡಿಕೊಳ್ಳಲಿ ಅನ್ನುವಂತಿಲ್ಲ. ನಮ್ಮ ಮನೆಗಳಲ್ಲಿ ಮಾತ್ರ ಇದನ್ನು ಎರಡು ತುಂಡು ಮಾಡಿದ್ದೇವೆ. ಹೊಲ ಒಬ್ಬರ ಹೆಸರಿಗೆ, ಹೊಲದ ಮನೆತನದ ಕೆಲಸ ಇನ್ನೊಬ್ಬರ ಮೈಗೆ.

ಬೀದರ್‌ನ ಬಿದರಿ ಕೆಲಸ ನೋಡಿದಾಗಲೂ ಇದೇ ಯೋಚನೆ ಬಂತು. ಸತು, ತಾಮ್ರ ಕೂಡಿಸಿ ಎರಕ ಹೊಯ್ದು, ನಕ್ಷೆ ಕೊರೆದು, ಗೀರಿನಲ್ಲಿ ಬೆಳ್ಳಿ ತಂತಿ ಬಡಿದು ಕೂರಿಸಿ, ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ಕುದಿಸಿ ಹಚ್ಚಿದರೆ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. 2023ರಲ್ಲಿ ಪದ್ಮಶ್ರೀ ಪಡೆದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಂಥ ಕುಶಲಕರ್ಮಿಗಳ ಮನೆಗಳಲ್ಲಿ ಇದು ತಲೆಮಾರಿನಿಂದ ತಲೆಮಾರಿಗೆ ಬಂದಿದೆ. ಇದನ್ನು ಯಾವ ಅಪ್ಪನೂ ನೋಂದಣಿ ಮಾಡಿಸಿ ಕೊಡಲಾರ, ಮಗು ಪಕ್ಕದಲ್ಲಿ ವರ್ಷಗಟ್ಟಲೆ ಕೂರಬೇಕು. ಎಷ್ಟು ಮಂದಿಗೆ ಹಂಚಿದರೂ ಕಮ್ಮಿಯಾಗದ ಆಸ್ತಿ ಇದು, ಅದಕ್ಕೇ ಇದರ ಮೇಲೆ ಯಾರೂ ದಾವೆ ಹಾಕಲ್ಲ.

ನಮ್ಮ ಮನೆಯಲ್ಲಿ ಹಾಗೆ ಪಕ್ಕದಲ್ಲಿ ಕೂತು ಕಲಿತವಳು ವೈನಿ.

ಎಳ್ಳಮಾವಾಸ್ಯೆ ನಮ್ಮ ಕಡೆ ದೀಪಾವಳಿಗಿಂತ ದೊಡ್ಡ ಹಬ್ಬ. ಹಿಂದಿನ ರಾತ್ರಿಯೇ ಅಡುಗೆ ಶುರು. ಸಜ್ಜೆ ಕಡುಬು, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿ. ಎಲ್ಲಕ್ಕಿಂತ ಮುಖ್ಯವಾದದ್ದು ಭಜ್ಜಿ. ಹಸಿ ತೊಗರಿ ಕಾಳು, ಹಸಿ ಕಡಲೆ, ಅವರೆ, ಮೆಂತ್ಯ, ಬದನೆ, ಗಜ್ಜರಿ, ಕೈಗೆ ಸಿಕ್ಕ ಎಲ್ಲ ಸೊಪ್ಪು ಹಾಕಿ ಕಡಲೆ ಹಿಟ್ಟು ಕಲಸಿ ಕುದಿಸಬೇಕು. ಮರುದಿನ ಹೊಲಕ್ಕೆ ಒಯ್ದು, ಕಲ್ಲು ಇಟ್ಟು ಪಾಂಡವರ ಪೂಜೆ ಮಾಡಿ, ಬೆಳೆಗೆ ಚರಗ ಚೆಲ್ಲಬೇಕು, ಅಂದರೆ ಒಯ್ದ ಅಡುಗೆಯಲ್ಲಿ ಸ್ವಲ್ಪ ಹೊಲದಲ್ಲಿ ಎರಚಬೇಕು. ಚರಗ ಚೆಲ್ಲುವುದು ಗಂಡಸರು. ಎಷ್ಟು ಕಾಳಿಗೆ ಎಷ್ಟು ಹಿಟ್ಟು, ಯಾವ ಮನೆಗೆ ಬುತ್ತಿ ಕಳಿಸಬೇಕು, ಯಾವ ಕಾಕಾನ ಮನೆಯವರನ್ನು ಮೊದಲು ಕರೆಯಬೇಕು, ಇದೆಲ್ಲ ಆಯಿಯಿಂದ ಅವ್ವನಿಗೆ, ಅವ್ವನಿಂದ ವೈನಿಗೆ ಬಂದದ್ದು. ನಾನು ಮನೆ ಮಗಳು, ನನಗೆ ಬರಲಿಲ್ಲ. ನಾನು ಹೋಗಿ ತಿಂದು ಬರುವವಳು.

ಆ ವರ್ಷ ಎಳ್ಳಮಾವಾಸ್ಯೆಯ ಹಿಂದಿನ ರಾತ್ರಿ ವೈನಿ, ನಾನು ತೊಗರಿ ಕಾಯಿ ಸುಲಿಯುತ್ತಾ ಕೂತಿದ್ದೆವು. ಅವಳ ಹೆಬ್ಬೆರಳ ಉಗುರು ಹಸಿರು ಹತ್ತಿ ಕಪ್ಪಾಗಿತ್ತು. ನಾನು ಒಂದು ಕಾಯಿ ಸುಲಿಯುವಷ್ಟರಲ್ಲಿ ಅವಳು ಮೂರು ಮುಗಿಸಿ, ಕಾಳು ಒಂದು ಕಡೆ ಸಿಪ್ಪೆ ಒಂದು ಕಡೆ ನೋಡದೇ ಹಾಕುತ್ತಿದ್ದಳು. ಪಾಲಿನ ಮಾತು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಎತ್ತಿರಲಿಲ್ಲ. ಅವಳೇ ಎತ್ತಿದಳು.

'ನೀವು ನಿಮ್ಮ ಹಿಸ್ಸಾ ಕೇಳ್ಲತ್ತೀರಿ, ತಪ್ಪಲ್ಲರಿ. ನಾ ನಮ್ಮ ತವರಾಗ ಸಹಿ ಮಾಡಿ ಬಂದೀನಿ. ಅಲ್ಲಿ ನಂದು ಏನೂ ಇಲ್ಲ. ಇಲ್ಲಿ ಪಹಣ್ಯಾಗ ನನ್ನ ಹೆಸರು ಬರಂಗಿಲ್ಲ. ಮತ್ತ ನಂದು ಯಾವದು?'

ದನಿ ಏರಿಸಲಿಲ್ಲ. ಕೈಯೂ ನಿಲ್ಲಿಸಲಿಲ್ಲ.

ನಾನು ಅಲ್ಲಿಯವರೆಗೆ ಇದನ್ನು ಅಣ್ಣ-ತಂಗಿಯ ಲೆಕ್ಕ ಅಂತಲೇ ನೋಡಿದ್ದೆ. ವೈನಿ ಎರಡೂ ಕಡೆಯ ಲೆಕ್ಕದಿಂದ ಹೊರಗೆ ಬಿದ್ದವಳು. ಹುಟ್ಟಿದ ಮನೆಯ ಪಾಲನ್ನು ಅಣ್ಣಂದಿರಿಗೆ ಬಿಟ್ಟಳು, ಮೆಟ್ಟಿದ ಮನೆಯ ಹೊಲ ಗಂಡನ ಹೆಸರಲ್ಲಿ. ಗಂಡ ಸತ್ತರೆ ಮಾತ್ರ ಅವಳ ಹೆಸರು ಕಾಗದಕ್ಕೆ ಬರುತ್ತದೆ. ಅಷ್ಟರಲ್ಲಿ ಅವ್ವನ ಮಂಡಿ ನೋವು, ಅವ್ವನ ಗುಳಿಗೆ, ಬರೋ ಹೋಗೋ ಬೀಗರು, ಅಪ್ಪನ ವರ್ಷದ ತಿಥಿ, ನಮಗೆ ಪಂಚಮಿಗೆ ಕಟ್ಟಿ ಕೊಡುವ ಉಂಡಿ, ಇವೆಲ್ಲ ಅವಳ ಪಾಲಿಗೆ. ಹೆಣ್ಮಕ್ಕಳು ಒಳ್ಳೆಯತನಕ್ಕೆ ಸಹಿ ಮಾಡುತ್ತಾರೆ ಅಂತೀವಿ. ಆದರೆ ಹಾಗೆ ಸಹಿ ಮಾಡಿದ ಪ್ರತಿಯೊಬ್ಬಳೂ ಇನ್ನೊಂದು ಮನೆಯಲ್ಲಿ ಯಾರಿಗೋ ವೈನಿ. ಅಲ್ಲಿ ಅವಳು ಬರಿಗೈಯಲ್ಲಿ ಇರುತ್ತಾಳೆ. ನಾನು ನನ್ನ ಪಾಲು ಬಿಟ್ಟರೂ ಅದು ವೈನಿಗೆ ಹೋಗಲ್ಲ, ಅಣ್ಣನಿಗೆ ಹೋಗುತ್ತದೆ. ನನ್ನ ತ್ಯಾಗದಿಂದ ಅವಳಿಗೆ ಒಂದು ಗುಂಟೆಯೂ ಸಿಗಲ್ಲ. ಅದಕ್ಕೇ 'ವೈನಿ ಇಷ್ಟು ಮಾಡ್ತಾಳೆ, ನಾನು ಬಿಡ್ತೀನಿ' ಅನ್ನೋ ಮಾತು ಕೇಳಲು ಚೆಂದ, ಲೆಕ್ಕಕ್ಕೆ ಬರಲ್ಲ.

ಸುಮ್ನೆ ಹೇಳ್ತಿಲ್ಲ, ನಮ್ಮ ಮನೆತನದಲ್ಲಿ ಇಂಥದ್ದು ಮೊದಲೂ ಆಗಿದೆ. ಅಪ್ಪನ ಪೆಟ್ಟಿಗೆಯಲ್ಲಿ ಉರ್ದು ಕಾಗದದ ಒಂದು ಕಟ್ಟು ಇತ್ತು. ಅಜ್ಜ ಕಲಿತಿದ್ದು ಉರ್ದು ಶಾಲೆಯಲ್ಲಿ, ನಿಜಾಮರ ಕಾಲದಲ್ಲಿ ಸರ್ಕಾರದ ವ್ಯವಹಾರವೆಲ್ಲ ಉರ್ದುವಿನಲ್ಲೇ. ನಮ್ಮಲ್ಲಿ ಈಗ ಒಬ್ಬರಿಗೂ ಓದಲು ಬರಲ್ಲ. ಏನೋ ದೊಡ್ಡ ಆಸ್ತಿ ಇದೆ ಅಂತ ತಮ್ಮ ಆಸೆಪಟ್ಟಿದ್ದ. ನಿವೃತ್ತ ಉರ್ದು ಮೇಷ್ಟ್ರೊಬ್ಬರಿಗೆ ತೋರಿಸಿದೆವು. ಕನ್ನಡಕ ಒರೆಸಿಕೊಂಡು ಒಂದೊಂದೇ ಓದಿದರು: ಕಂದಾಯ ಕಟ್ಟಿದ ರಸೀತಿ, ಕಂದಾಯ ಕಟ್ಟಿದ ರಸೀತಿ, ಮತ್ತೂ ಕಂದಾಯ ಕಟ್ಟಿದ ರಸೀತಿ. ತಮ್ಮನ ಮುಖ ನೋಡಬೇಕಿತ್ತು. ಆದರೆ ಆ ಕಂದಾಯ ಕಟ್ಟಲು ದುಡ್ಡು ಎಲ್ಲಿಂದ ಬಂತು ಅನ್ನೋದು ಯಾವ ಕಾಗದದಲ್ಲೂ ಇಲ್ಲ, ಅವ್ವನ ಬಾಯಲ್ಲಿದೆ. ಬರದ ವರ್ಷ ಹೊಲ ಕೈಬಿಟ್ಟು ಹೋಗುವುದರಲ್ಲಿತ್ತಂತೆ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳಕೊಂಡು ತವರಲ್ಲಿದ್ದ ಅಜ್ಜನ ತಂಗಿ ತನ್ನ ಬಂಗಾರದ ಪಾಟ್ಲಿ ಬಿಚ್ಚಿ ಕೊಟ್ಟಳಂತೆ. ಅವಳ ಹೆಸರು ವಂಶವೃಕ್ಷದಲ್ಲಿ ಬರೆಸೋಣ ಅಂದರೆ ಆ ಫಾರ್ಮಿನಲ್ಲಿ ಅವಳಿಗೆ ಜಾಗವೇ ಇಲ್ಲ.

ಕೊನೆಗೆ ಏನಾಯಿತು ಅಂದರೆ, ನಾನು ಸಹಿ ಮಾಡಲಿಲ್ಲ. ಅಣ್ಣ ಕೆಲವು ತಿಂಗಳು ಫೋನ್ ಮಾಡಲಿಲ್ಲ. ಪಂಚಮಿಗೆ ಕರೆಯಲು ಬರಲಿಲ್ಲ, ನಾನೇ ಬಸ್ ಹತ್ತಿ ಹೋದೆ, ಅವ್ವ ಉಂಡಿ ಕೊಟ್ಟಳು. ಆಮೇಲೆ ಅವನೇ ಸಡಿಲಾದ. ಅವ್ವನೂ ಸೇರಿ ಐದು ಜನರ ಹೆಸರಲ್ಲಿ ಜಂಟಿ ಖಾತೆ ಆಯಿತು. ಹತ್ತು ಎಕರೆ, ಐದು ಜನ, ತಲೆಗೆ ಎರಡು. ಹೊಲ ಮಾಡೋದು ಮೊದಲಿನಂತೆ ಅಣ್ಣನೇ, ನನ್ನ ಪಾಲಿನದಕ್ಕೆ ಪಾಲಿಗೆ ಮಾಡುವವರಿಗೆ ಏನು ಸಲ್ಲಬೇಕೋ ಅದನ್ನು ಇಟ್ಟುಕೊಂಡು ಉಳಿದ ತೊಗರಿ ಕಳಿಸುತ್ತಾನೆ. ಜಂಟಿ ಖಾತೆಯಿಂದ ತಾಪತ್ರಯ ಇಲ್ಲ ಅಂತ ಅಲ್ಲ. ಬ್ಯಾಂಕಿಗೆ ಹೋದರೆ ಎಲ್ಲರ ಸಹಿ ಬೇಕು, ಅಕ್ಕ ಸೊಲ್ಲಾಪುರದಿಂದ ಬರಬೇಕು, ತಮ್ಮನಿಗೆ ರಜೆ ಸಿಗಬೇಕು. ಅದಕ್ಕೇ ವಾಟ್ನಿ (ಪಾಲು ವಿಂಗಡಣೆ) ಮಾಡಿಸಿ, ಹೊಲ ಅಳೆಸಿ 11ಇ ಅನ್ನೋ ಸರ್ವೆ ನಕ್ಷೆ ತೆಗೆಸಿ, ಬೇರೆ ಬೇರೆ ಪಹಣಿ ಮಾಡೋದು ಅಂತ ಎಲ್ಲರೂ ಒಪ್ಪಿದ್ದೇವೆ. ಸರ್ವೆಯವರು ಬರಬೇಕು.

ಇದರ ನಡುವೆ ಅಕ್ಕ ಒಂದು ಬಾಂಬ್ ಹಾಕಿದಳು. 'ನನಗ ಹೊಲ ಬ್ಯಾಡ. ನಂದು ಎರಡೆಕರೆ ವೈನಿ ಹೆಸರಿಗಿ ಮಾಡ್ತೀನಿ. ತಮ್ಮನ ಹೆಸರಿಗಲ್ಲ, ವೈನಿ ಹೆಸರಿಗಿ.' ಅಣ್ಣ ಮಿಕಿಮಿಕಿ ನೋಡಿದ. ಅಕ್ಕನಿಗೆ ಅವನು ತಮ್ಮನೇ ಅಲ್ವಾ, ಎದುರು ಮಾತಾಡುವಂತಿಲ್ಲ. ವಕೀಲರನ್ನು ಕೇಳಿದೆವು. ಮೊದಲು ವಾಟ್ನಿ ಆಗಲಿ, ಅಕ್ಕನ ಹೆಸರಿಗೆ ಬೇರೆ ಪಹಣಿ ಬರಲಿ, ಆಮೇಲೆ ದಾನಪತ್ರ ಮಾಡಬಹುದು ಅಂದರು. ನಾನು ನನ್ನದನ್ನು ಮಾತ್ರ ಇಟ್ಟುಕೊಳ್ಳುತ್ತೇನೆ. ನನಗೂ ಒಬ್ಬಳು ಮಗಳಿದ್ದಾಳೆ.

ವೈನಿಗೆ ಫೋನ್ ಮಾಡಿ ಹೇಳಿದೆ. ಅಳುತ್ತಾಳೇನೋ, ಬೇಡ ಅನ್ನುತ್ತಾಳೇನೋ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು: 'ಖರೇನೇ ಕೊಡ್ತಾರಂದ್ರ ಬಾವಿ ಕಡೀದು ಕೊಡ್ಲಿಕ್ಕಿ ಹೇಳ್ರಿ. ಹಳ್ಳದ ಕಡೀದು ಬರೇ ಕಲ್ಲು.'